ಆಮೆಯ ಮೇವು, ಅಧ್ಯಕ್ಷರ ಊಟ

ನಮ್ಮ ‘ಸಂಜೆ ನೆಮ್ಮದಿ’ ತೋಟಸಂಘದಲ್ಲಿ ಬಾಡಿಗೆಗೆ ಕೊಡುವ ನೂರಹನ್ನೆರಡು ತುಂಡುತೋಟಗಳಿವೆ, ನಲವತ್ತಾರು ನಿಯಮಗಳಿವೆ, ಒಬ್ಬ ಕಾರ್ಯದರ್ಶಿ ಇದ್ದಾನೆ. ಆ ಕಾರ್ಯದರ್ಶಿ ನಾನು. ಗಿಡದ ಬೇಲಿ ಒಂದೂಕಾಲು ಮೀಟರಿಗಿಂತ ಎತ್ತರ ಬೆಳೆಯಬಾರದು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರೂ ಸುತ್ತಿಗೆ ಎತ್ತಬಾರದು. ಪ್ರತಿ ತೋಟದ ಮೂರನೇ ಒಂದು ಭಾಗದಲ್ಲಿ ಮನುಷ್ಯರು ತಿನ್ನುವಂಥದ್ದನ್ನೇ ಬೆಳೆಯಬೇಕು. ಪ್ರಾಣಿ ಸಾಕುವಂತಿಲ್ಲ. ಕಳೆ ಬಿಡುವಂತಿಲ್ಲ. ಕಳೆಗಳ ಪಟ್ಟಿಯಲ್ಲಿ ಮೊದಲ ಹೆಸರು ಸಿಂಹದಹಲ್ಲು. ಅದೇ, ಹಳದಿ ಹೂ ಬಿಟ್ಟು, ಆಮೇಲೆ ಬಿಳಿ ಬುರುಗಾಗಿ, ಊದಿದರೆ ಪಕ್ಕದವರ ತೋಟಕ್ಕೆ ಹಾರಿಹೋಗುವ ಗಿಡ. ತಪ್ಪಿದವರಿಗೆ ನೋಟಿಸು. ಎರಡು ನೋಟಿಸಿಗೂ ಜಗ್ಗದಿದ್ದರೆ ತೋಟ ಕೈಬಿಟ್ಟಂತೆಯೇ. ತೋಟಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಎಂಬತ್ತು ಜನ ಕೂತಿದ್ದಾರೆ.

ಇದನ್ನೆಲ್ಲ ಕೇಳಿ ಹೊರಗಿನವರು ನಗುತ್ತಾರೆ. ನಗಲಿ. ಬೇಲಿ ಅಳೆಯುವ ಕೋಲು ಅವರ ಕೈಯಲ್ಲಿಲ್ಲ.

ಮೂವತ್ತೆಂಟನೇ ತೋಟದ ಎಗೋನ್ ಹಾಂಪೆಲ್ ನಮ್ಮ ಚೆಮ್ನಿಟ್ಸ್ ಊರಿನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದ ಮನುಷ್ಯ. ನಲವತ್ತು ವರ್ಷ ಹಳಿಯ ಮೇಲೆ ಓಡಾಡಿದ್ದರಿಂದಲೋ ಏನೋ, ಎದುರಿಗೆ ಏನಾದರೂ ಅಡ್ಡ ಬಂದರೆ ಪಕ್ಕಕ್ಕೆ ತಿರುಗುವ ಉಪಾಯ ಅವನಿಗೆ ತಿಳಿಯದು; ಗಂಟೆ ಬಾರಿಸಿಕೊಂಡು ನೇರ ಹೋಗುತ್ತಾನೆ. ಸುಳ್ಳು ಹೇಳುವಾಗಲೂ ಹಾಗೆಯೇ. ಅವನ ಹೆಂಡತಿ ರೋಸ್ವಿಟಾಗೆ ತವರಿನಿಂದ ಬಂದ ಆಸ್ತಿ ಎರಡು: ಒಂದು ಗೋಡೆ ಗಡಿಯಾರ, ಒಂದು ಆಮೆ. ಗಡಿಯಾರ ನಿಂತುಹೋಗಿದೆ. ಆಮೆ ಇನ್ನೂ ನಡೆಯುತ್ತಿದೆ. ಅವಳ ಹೆಸರು ಒಟ್ಟೀಲಿಯೆ, ವಯಸ್ಸು ಐವತ್ತೆಂಟರ ಹತ್ತಿರ. ರೋಸ್ವಿಟಾಳ ತಾಯಿ ಕಣ್ಣು ಮುಚ್ಚುವ ಮೊದಲು ಅಳಿಯನ ಕೈ ಹಿಡಿದು, “ಮಗಳು ಹೇಗೋ ಬದುಕ್ಕೋತಾಳೆ, ಒಟ್ಟೀಲಿಯೆನ ನೋಡ್ಕೋ” ಎಂದಿದ್ದರು.

ಪ್ರತಿ ಚಳಿಗಾಲ ಒಟ್ಟೀಲಿಯೆ ಹಾಂಪೆಲ್ ದಂಪತಿಗಳ ಹಳೆಯ ಫ್ರಿಜ್ಜಿನಲ್ಲಿ, ಮಣ್ಣು ತುಂಬಿದ ಡಬ್ಬಿಯೊಳಗೆ ನಿದ್ದೆ ಮಾಡುತ್ತಾಳೆ. ನಮ್ಮಲ್ಲಿ ಆಮೆ ಇಟ್ಟುಕೊಂಡವರೆಲ್ಲ ಹಾಗೇ ಮಾಡುವುದು. ಆದರೆ ಈ ಸಲ ಮಾರ್ಚಿನಲ್ಲಿ ಎದ್ದವಳು ಊಟವನ್ನೇ ಬಿಟ್ಟಳು. ಮೂರನೇ ಮಹಡಿಯ ಮನೆಯಲ್ಲಿ ಅವಳ ಮುಂದೆ ಸೌತೆಕಾಯಿ ಹಿಡಿದರು, ಟೊಮ್ಯಾಟೊ ಹಿಡಿದರು. ಅವಳು ಬೀಗರ ಮೇಲೆ ಮುನಿಸಿಕೊಂಡವರ ಹಾಗೆ ಕತ್ತು ಒಳಗೆಳೆದುಕೊಂಡಳು. ಡಾಕ್ಟರ್ ಕೂನ್ಸೆ ಅವಳನ್ನು ತಕ್ಕಡಿಯಲ್ಲಿಟ್ಟು ನೋಡಿ, “ಇವಳು ನೆಲದಲ್ಲಿ ಮೇಯೋ ಜೀವ. ಬಿಸಿಲಲ್ಲಿ ಬಿಡಿ, ಕಳೆಗಿಡ ಮೇಯ್ಲಿ. ಇಲ್ಲಾಂದ್ರೆ ಬೇಸಿಗೆ ದಾಟಲ್ಲ” ಎಂದರು.

ಕಳೆ ಬೆಳೆಯಬಾರದ, ಪ್ರಾಣಿ ಸಾಕಬಾರದ ತೋಟ ಒಂದೇ ಹಾಂಪೆಲ್ ಬಳಿ ಇದ್ದದ್ದು. ಅವನು ಗಂಟೆ ಬಾರಿಸಿಕೊಂಡು ನೇರ ಅಲ್ಲಿಗೇ ಹೋದ. ಏಪ್ರಿಲಿನಲ್ಲಿ ಆಲೂಗಡ್ಡೆ ನೆಡಬೇಕಾದ ಮಡಿಯಲ್ಲಿ ಸಿಂಹದಹಲ್ಲು, ಕ್ಲೋವರ್ ಸೊಪ್ಪು, ದಾರಿಬದಿಯ ಅಗಲೆಲೆಯ ಗಿಡ ಎಲ್ಲವನ್ನೂ ಅವುಗಳ ಪಾಡಿಗೆ ಬಿಟ್ಟ. ಬೆಳಗ್ಗೆ ಒಂಬತ್ತಕ್ಕೆ ಬುಟ್ಟಿಯಲ್ಲಿ ಒಟ್ಟೀಲಿಯೆ ಬರುತ್ತಿದ್ದಳು. ಅರ್ಧ ಗಂಟೆ ಬಿಸಿಲಿಗೆ ಬೆನ್ನು ಕಾಯಿಸಿಕೊಂಡು, ಆಮೇಲೆ ಮೇಯಲು ಹೊರಡುತ್ತಿದ್ದಳು. ಮೊದಲು ಹಳದಿ ಹೂ, ಒಂದೇ ತುತ್ತು. ಆಮೇಲೆ ಎಲೆ. ಎಲೆಯ ಬುಡಕ್ಕೆ ಮುಂಗಾಲು ಒತ್ತಿ, ಕತ್ತು ಹಿಂದಕ್ಕೆಳೆದು ಹರಿಯುವಾಗ ಅವಳ ಮುಖದಲ್ಲಿ ಎಷ್ಟು ತೃಪ್ತಿ ಇರುತ್ತಿತ್ತೆಂದರೆ, ನೋಡಿದವರಿಗೂ ಹಸಿವಾಗುತ್ತಿತ್ತು.

ಮೇ ತಿಂಗಳ ಎರಡನೇ ಶನಿವಾರ ತಪಾಸಣೆ. ನಮ್ಮ ಅಧ್ಯಕ್ಷರು ಗುಂಟ್ರಾಮ್ ಝೀಗ್ಲರ್. ಭೂಮಾಪನ ಇಲಾಖೆಯಲ್ಲಿದ್ದವರು, ಒಂದನೇ ನಂಬರಿನ ಅವರ ಮಾದರಿ ತೋಟದಲ್ಲಿ ಈರುಳ್ಳಿ ದಾರ ಕಟ್ಟಿದ ಹಾಗೆ ಸಾಲಾಗಿ ನಿಲ್ಲುತ್ತದೆ. ಮೊಣಕಾಲು ನೋವು ಅವರಿಗೆ, ಕೋಲೂರಿ ನಡೆಯುತ್ತಾರೆ. ಅವರು ಮುಂದೆ, ಅಳತೆಕೋಲು ಮತ್ತು ಪುಸ್ತಕ ಹಿಡಿದು ನಾನು ಹಿಂದೆ. ನಾವು ಮೂವತ್ತೆಂಟರ ಗೇಟು ತೆಗೆದ ಸದ್ದಿಗೆ ಹಾಂಪೆಲ್ ಬೆಚ್ಚಿ, ಕೈಗೆ ಸಿಕ್ಕ ಬಕೆಟ್ಟನ್ನು ಯಾವುದರ ಮೇಲೋ ಕವುಚಿದ.

“ತೋಟಮಿತ್ರ ಹಾಂಪೆಲ್,” ಎಂದರು ಅಧ್ಯಕ್ಷರು. ಜಗಳಕ್ಕೆ ಮೊದಲು ನಾವು ಒಬ್ಬರನ್ನೊಬ್ಬರು ಹೀಗೇ ಕರೆಯುವುದು. “ಇಲ್ಲಿ ಆಲೂಗಡ್ಡೆ ಇರ್ಬೇಕಿತ್ತು.”

“ಇರ್ಬೇಕಿತ್ತು ಅಧ್ಯಕ್ಷರೇ.”

“ಏನಿದೆ?”

“ಸೊಪ್ಪು.”

“ಇದು ಕಳೆ ಕಣ್ರೀ. ಪಟ್ಟೀಲಿ ಮೊದಲನೇದು.”

“ತಿನ್ನೋದಕ್ಕೇ ಬೆಳೆದಿರೋದು.”

“ಯಾರು ತಿಂತಾರೆ ಇದನ್ನ?”

ಅಷ್ಟರಲ್ಲಿ ಬಕೆಟ್ಟು ಎರಡು ಬೆರಳಿನಷ್ಟು ಮುಂದಕ್ಕೆ ಹೋಯಿತು. ನಾನು ನೋಡಿದೆ. ನಾನು ನೋಡಿದ್ದನ್ನು ಹಾಂಪೆಲ್ ನೋಡಿದ.

“ನಾನೇ ತಿಂತೀನಿ,” ಎಂದ.

ಹೇಳಿದ್ದಷ್ಟೇ ಅಲ್ಲ, ಬಗ್ಗಿ ಒಂದು ಹೂವು ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ. ಕಹಿಗೆ ಕಣ್ಣಲ್ಲಿ ನೀರು ಬಂತು; ಬಿಸಿಲು ಜಾಸ್ತಿ ಎಂದು ಒರೆಸಿಕೊಂಡ.

“ಡಾಕ್ಟರ್ ಹೇಳಿದಾರೆ ಅಧ್ಯಕ್ಷರೇ. ಡಾಕ್ಟರ್ ಕೂನ್ಸೆ. ಬೆಳಗ್ಗೆ ಮೊದಲು ಮೈ ಕಾಯಿಸ್ಕೋಬೇಕು, ಆಮೇಲೆ ಇದನ್ನ ತಿನ್ಬೇಕು. ಟೊಮ್ಯಾಟೊ ಬೇಡ. ಬ್ರೆಡ್ಡು, ಮಾಂಸ ಮುಟ್ಲೇಬಾರ್ದು. ಮೇಲೆ ಮೊಟ್ಟೆಚಿಪ್ಪಿನ ಪುಡಿ ಉದುರಿಸ್ಕೋಬೇಕು. ವಾರಕ್ಕೊಂದ್ಸಲ ಉಗುರುಬೆಚ್ಚಗಿನ ನೀರಲ್ಲಿ ಗದ್ದದವರ್ಗೂ ಕೂರ್ಬೇಕು.”

“ಚಳಿಗಾಲದಲ್ಲಿ ಸೊಪ್ಪಿಗೆ ಏನ್ ಮಾಡ್ತೀರಿ?”

“ಚಳಿಗಾಲದಲ್ಲಿ ಊಟಾನೇ ಇಲ್ಲ. ನವೆಂಬರಿಂದ ಮಾರ್ಚ್‌ವರ್ಗೂ ಉಪವಾಸ. ತಣ್ಣಗೆ ಮಲಗಿರೋದು.”

ಅಧ್ಯಕ್ಷರು ಅವನ ಹೊಟ್ಟೆಯನ್ನು ನೋಡಿದರು. ಅದು ಉಪವಾಸದ ಹೊಟ್ಟೆಯಲ್ಲ. ಆದರೆ ಸರ್ಕಾರಿ ಕೆಲಸದಲ್ಲಿದ್ದವರಿಗೆ ಡಾಕ್ಟರು ಎಂಬ ಪದದ ಮೇಲೆ ಬಹಳ ಗೌರವ.

“ಇದ್ರಿಂದ ಏನಾಗುತ್ತಂತೆ?”

“ಕಾಲು ಗಟ್ಟಿಯಾಗುತ್ತೆ. ಹೀಗೇ ಮೇಯ್ತಾ, ಅಂದ್ರೆ ತಿಂತಾ ಇದ್ರೆ, ನೂರು ವರ್ಷಕ್ಕೇನೂ ಮೋಸ ಇಲ್ಲ ಅಂದ್ರು.”

ಝೀಗ್ಲರ್ ಅವರು ತಮ್ಮ ಕೋಲನ್ನು ನೋಡಿದರು, ಮೊಣಕಾಲನ್ನು ನೋಡಿದರು, ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಒಂದೆಲೆ ಕೊಡಿ ನೋಡೋಣ” ಎಂದರು.

ನಾನು ಪುಸ್ತಕದಲ್ಲಿ ಬರೆದೆ: ‘ತೋಟ ೩೮. ಸೊಪ್ಪು, ವೈದ್ಯರ ಸಲಹೆಯಂತೆ. ಬಕೆಟ್ ಒಂದು, ಸುಸ್ಥಿತಿಯಲ್ಲಿದೆ, ಚಲಿಸುತ್ತಿದೆ.’ ಕೊನೆಯ ಮಾತನ್ನು ಮನೆಗೆ ಹೋಗಿ ಹೊಡೆದುಹಾಕಿದೆ. ಕಾರ್ಯದರ್ಶಿಯಾದವನು ಹಾಗೆ ಮಾಡಬಾರದು ಎಂದು ನನಗೂ ಗೊತ್ತು. ಆದರೆ ಬಕೆಟ್ಟಿನ ಅಂಚಿನಿಂದ ಹೊರಬಂದ ಆ ಮುದಿ ಕಾಲನ್ನು ನೋಡಿ ನನಗೆ ಮನಸ್ಸು ಕರಗಿತ್ತು.

ಸೋಮವಾರದೊಳಗೆ ಸುದ್ದಿ ನೂರಹನ್ನೆರಡು ತೋಟಕ್ಕೂ ಮುಟ್ಟಿತು. ಪಕ್ಕದ ತೋಟದ ಲಿಪೋಲ್ಡಮ್ಮ ಬಲು ಕರುಣೆಯ ಹೆಂಗಸು. ನೂರು ವರ್ಷದ ಮಾತನ್ನು ಆಕೆ ನಂಬಲಿಲ್ಲ. ಪಿಂಚಣಿ ಸಾಲದೆ ಮನುಷ್ಯ ಹುಲ್ಲಿಗಿಳಿದಿದ್ದಾನೆ ಎಂದೇ ತೀರ್ಮಾನಿಸಿದಳು. ದಿನಾ ಬೇಲಿಯ ಮೇಲಿಂದ ಒಂದು ಪಾತ್ರೆ ಇಳಿಸುವಳು.

“ನಾಚ್ಕೋಬೇಡಿ ಹಾಂಪೆಲ್. ಆಲೂಗಡ್ಡೆ ಸೂಪು, ಒಳಗೆ ಎರಡು ಸಾಸೇಜು ಇದೆ. ಕಷ್ಟ ಯಾರಿಗೆ ಬರಲ್ಲ ಹೇಳಿ.”

“ಬೇಡಮ್ಮಾ, ನಾನು ಮಾಂಸ ಮುಟ್ಟಲ್ಲ.”

“ಅಯ್ಯೋ ಪಾಪ, ಸ್ವಾಭಿಮಾನ ನೋಡಿ,” ಎಂದು ಆಕೆ ಕಣ್ಣೊರೆಸಿಕೊಂಡು ಮೂರನೆಯ ಸಾಸೇಜು ಹಾಕುವಳು. ಹಾಂಪೆಲ್ ಆ ಪಾತ್ರೆಯನ್ನು ಮೂಸಿ ಮೂಸಿ ನಿಟ್ಟುಸಿರು ಬಿಡುವನು, ಏಕೆಂದರೆ ಬೇಲಿಯ ಈ ಬದಿಯಲ್ಲಿ ಅಧ್ಯಕ್ಷರು ಕೂತಿರುತ್ತಿದ್ದರು. ಸಂಘದ ಮರ್ಯಾದೆ ಉಳಿಸಲು ಆ ಸಾಸೇಜುಗಳನ್ನೆಲ್ಲ ನಾನೇ ತಿನ್ನಬೇಕಾಯಿತು.

ಹೌದು, ಅಧ್ಯಕ್ಷರು ದಿನಾ ಬರತೊಡಗಿದ್ದರು. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ಜೇಬಿನಲ್ಲಿ ಮೊಟ್ಟೆಚಿಪ್ಪಿನ ಪುಡಿಯ ಡಬ್ಬಿ. ಹಾಂಪೆಲ್ ಒಟ್ಟೀಲಿಯೆಯನ್ನು ಸಾಮಾನಿನ ಗುಡಿಸಲೊಳಗೆ ತಳ್ಳಿ ಬಾಗಿಲು ಹಾಕುವನು. ಇಬ್ಬರೂ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮೈ ಕಾಯಿಸಿಕೊಳ್ಳುವರು, ಆಮೇಲೆ ತಿನ್ನುವರು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ, ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ಆಗಲೇ ನೋಡಿದ್ದು.

“ನಿಧಾನಕ್ಕೆ ಅಗೀರಿ ಹಾಂಪೆಲ್. ಡಾಕ್ಟರ್ ಏನ್ ಹೇಳಿದ್ರು, ಎಷ್ಟು ಸಲ ಅಗೀಬೇಕಂತೆ?”

“ಹಲ್ಲೇ ಇಲ್ವಲ್ಲ ಅಧ್ಯಕ್ಷರೇ.”

“ಯಾರಿಗೆ?”

“ಅದೇ... ಕೆಲವರಿಗೆ.”

ಇತ್ತ ಊರಿನಲ್ಲಿ ರೋಸ್ವಿಟಾ ಬೇಕರಿಗೆ ಹೋದರೆ ಸಾಲಿನಲ್ಲಿದ್ದವರು ಗಪ್ಪೆಂದು ಸುಮ್ಮನಾಗುತ್ತಿದ್ದರು. ಎರಡನೇ ವಾರ ಹಾಂಪೆಲ್‌ನ ಅಕ್ಕ ಗಿಜೆಲಾ, ದೊಡ್ಡ ಪಾತ್ರೆಯ ತುಂಬ ಮಾಂಸದ ಸುರುಳಿ ಮಾಡಿಕೊಂಡು ಟ್ಸ್ವಿಕಾವ್‌ನಿಂದ ರೈಲು ಹತ್ತಿ ಬಂದಿಳಿದಳು. ಗಿಜೆಲಾಳ ಕಿವಿಗೆ ಬೆಳಗ್ಗೆ ಬಿದ್ದದ್ದು ಸಂಜೆಯೊಳಗೆ ಎರಡು ಜಿಲ್ಲೆ ದಾಟುತ್ತದೆ. ಆಮೆಯ ವಿಷಯ ಅವಳಿಗೆ ಹೇಳುವುದೂ ಒಂದೇ, ಅಧ್ಯಕ್ಷರಿಗೆ ಪತ್ರ ಬರೆಯುವುದೂ ಒಂದೇ.

“ನನ್ನ ತಮ್ಮ ಹುಲ್ಲು ತಿಂತಿದಾನಂತೆ. ನೀನು ಮನೇಲಿ ಒಲೆ ಹಚ್ತೀಯೋ ಇಲ್ವೋ?”

ರೋಸ್ವಿಟಾಳ ಮುಂದೆ ಎರಡು ದಾರಿ ಇದ್ದವು: ಗಂಡನ ಮರ್ಯಾದೆ, ಇಲ್ಲವೇ ತಾಯಿಯ ಆಮೆ. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

“ಹಚ್ತೀನಿ ಅತ್ತಿಗೆ. ಆದ್ರೆ ಅವರಿಗೆ ಹುಲ್ಲೇ ಇಷ್ಟ.”

“ಯಾವಾಗಿಂದ?”

“ಮೊದಲಿಂದ್ಲೂ. ಮದುವೆ ದಿನ ನನ್ನ ಕೈಲಿದ್ದ ಹೂಗುಚ್ಛ ಅರ್ಧ ಖಾಲಿಯಾಗಿತ್ತಲ್ಲ, ಯಾರು ತಿಂದಿದ್ದು ಅಂದ್ಕೊಂಡ್ರಿ?”

ಗಿಜೆಲಾ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಮುಂದಿನ ರೈಲಿಗೆ ವಾಪಸು ಹೋದಳು. ಬಾಗಿಲಲ್ಲಿ ನಿಂತಿದ್ದ ಹಾಂಪೆಲ್, ಹೋಗುತ್ತಿರುವ ಮಾಂಸದ ಸುರುಳಿಯನ್ನು ಕಣ್ಮರೆಯಾಗುವವರೆಗೂ ನೋಡಿದ.

ಜೂನ್ ಮೊದಲ ವಾರಕ್ಕೆ ಅಧ್ಯಕ್ಷರು ಕೋಲಿಲ್ಲದೆ ನಡೆದು ಬಂದರು. ಬಿಸಿಲಿಗೋ, ಸೊಪ್ಪಿಗೋ, ದಿನಾ ಒಂಬತ್ತಕ್ಕೆ ಮೂವತ್ತೆಂಟನೇ ತೋಟದವರೆಗೆ ನಡೆದದ್ದಕ್ಕೋ, ದೇವರಿಗೇ ಗೊತ್ತು. ಅಂದೇ ತುರ್ತು ಸಭೆ ಸೇರಿ, ಸಿಂಹದಹಲ್ಲನ್ನು ಕಳೆಗಳ ಪಟ್ಟಿಯಿಂದ ತೆಗೆದು ಬೆಳೆಗಳ ಪಟ್ಟಿಗೆ ಸೇರಿಸಲಾಯಿತು. ಠರಾವು ಸರ್ವಾನುಮತ; ಬರೆದವನು ನಾನೇ. ಇಷ್ಟು ವರ್ಷ ಬೇರುಸಹಿತ ಕಿತ್ತು ಕಿತ್ತು ನಮ್ಮ ತೋಟಗಳಲ್ಲಿ ಸಿಂಹದಹಲ್ಲು ಎಲ್ಲಿ ಉಳಿದಿರಬೇಕು? ಎಲ್ಲರೂ ಬಟ್ಟಲು ಹಿಡಿದು ಹಾಂಪೆಲ್ ಗೇಟಿಗೆ ಬಂದರು. “ಒಂದೇ ಹಿಡಿ, ನಮ್ಮ ಯಜಮಾನರಿಗೆ ಬೆನ್ನು ನೋವು.” “ನಾಲ್ಕೇ ಎಲೆ, ಮಗಳು ಪರೀಕ್ಷೆಗೆ ಓದ್ತಿದಾಳೆ.” ಅಧ್ಯಕ್ಷರಂತೂ ತಮ್ಮ ಮಾದರಿ ತೋಟದ ಮೂಲೆಯಲ್ಲಿ ನೆಡುತ್ತೇನೆಂದು ಒಂದು ಸಾಲನ್ನೇ ಅಗೆದುಕೊಂಡು ಹೋದರು. ಕಳೆ ಕಾಯಬೇಕಾದವರೇ ಕಳೆ ತಿಂದು ಮುಗಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಳತೆಕೋಲು ಹಿಡಿದವನು ಏನು ಮಾಡಲಾದೀತು?

ಜೂನ್ ಮೂರನೇ ವಾರಕ್ಕೆ ಮೂವತ್ತೆಂಟರ ಮಡಿ ಬೋಳಾಯಿತು. ಗುಡಿಸಲಿನಿಂದ ಹೊರಬಂದ ಒಟ್ಟೀಲಿಯೆ ಈ ತುದಿಯಿಂದ ಆ ತುದಿಗೆ ನಡೆದು, ಮಣ್ಣು ಮೂಸಿ, ಮತ್ತೆ ಈ ತುದಿಗೆ ಬರುವಳು. ಡಾಕ್ಟರ್ ಕೂನ್ಸೆ ತಕ್ಕಡಿ ನೋಡಿ ಮುಖ ಗಂಟಿಕ್ಕಿದರು.

“ಮೇ ತಿಂಗಳಲ್ಲಿ ಅರವತ್ತು ಗ್ರಾಂ ಏರಿದ್ಲು. ಈಗ ತೊಂಬತ್ತು ಇಳಿದಿದಾಳೆ. ಮೇಯಿಸ್ತಿದೀರಾ ಇಲ್ವಾ?”

“ಮೇಯ್ತಾನೇ ಇದೀವಿ ಮೇಡಂ,” ಎಂದ ಹಾಂಪೆಲ್.

“ಯಾರು?”

 ಅವತ್ತು ಸಂಜೆ ಹಾಂಪೆಲ್ ನನ್ನ ತೋಟಕ್ಕೆ ಬಂದು ಎಲ್ಲವನ್ನೂ ಹೇಳಿ, “ಅತ್ತೆಗೆ ಮಾತು ಕೊಟ್ಟಿದೀನಿ ಕಣಯ್ಯ. ನಿಜ ಹೇಳಿದ್ರೆ ತೋಟ ಹೋಗುತ್ತೆ, ತೋಟ ಹೋದ್ರೆ ಅವಳು ಹೋಗ್ತಾಳೆ. ಸುಮ್ಮನಿದ್ರೆ ನೀವೆಲ್ಲ ಸೇರಿ ಅವಳ ಊಟ ತಿಂದು ಮುಗಿಸ್ತೀರಿ” ಎಂದು ಬಿಕ್ಕಿಬಿಕ್ಕಿ ಅತ್ತ. ಬಾಯಿಂದ ಸೊಪ್ಪಿನ ವಾಸನೆ ಬರುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಜುಲೈ ಮೊದಲ ಶನಿವಾರ ನಮ್ಮ ಬೇಸಿಗೆ ಹಬ್ಬ. ನಗರದ ತೋಟಗಳ ಒಕ್ಕೂಟದಿಂದ ಫ್ರೌ, ಅಂದರೆ ಶ್ರೀಮತಿ, ಹೆನ್ನಿಗ್ ಎಂಬ ಮೇಲ್ವಿಚಾರಕಿ ಬಂದಿದ್ದರು. ಮೇಜಿನ ನಡುವೆ, ಊರೆಲ್ಲ ಹುಡುಕಿ ತಂದ ಸಿಂಹದಹಲ್ಲಿನ ಸಲಾಡು. ನಾಲ್ಕು ಜನರ ಬ್ಯಾಂಡು ತುತ್ತೂರಿ ಊದುತ್ತಿತ್ತು. ಅಧ್ಯಕ್ಷರು ಎದ್ದು ನಿಂತು, “ಈ ಅಮೃತವನ್ನು ನಮಗೆ ಪರಿಚಯಿಸಿದ ತೋಟಮಿತ್ರ ಹಾಂಪೆಲ್ ಈಗ ಎರಡು ಮಾತಾಡ್ತಾರೆ” ಎಂದರು. ಹಾಂಪೆಲ್ ಬಿಳಿಚಿಕೊಂಡು ಎದ್ದ. ಬಾಯಿ ತೆರೆದ.

ಆ ಹೊತ್ತಿಗೆ ಅಧ್ಯಕ್ಷರ ಹೆಂಡತಿ ಬಹಳ ಶಾಂತವಾಗಿ, “ಗುಂಟ್ರಾಮ್, ನನ್ನ ಕಾಲನ್ನ ಯಾರೋ ತಿಂತಿದಾರೆ” ಎಂದರು.

ಮೂವತ್ತೆಂಟರ ಗುಡಿಸಲಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಹಸಿದ ಆಮೆಗೆ ಹಳದಿ, ಕೆಂಪು ಕಂಡರೆ ಹೂವೇ. ಆಕೆಯ ಹೆಬ್ಬೆರಳಿನ ಕೆಂಪು ಉಗುರನ್ನು ಒಟ್ಟೀಲಿಯೆ ಮುಂಗಾಲು ಒತ್ತಿ, ಕತ್ತು ಹಿಂದಕ್ಕೆಳೆದು, ವಿಧಿಪೂರ್ವಕವಾಗಿ ಕೀಳಲು ನೋಡುತ್ತಿದ್ದಳು.

ಹಾಂಪೆಲ್ ಓಡಿಬಂದು ಅವಳನ್ನೆತ್ತಿ ಎದೆಗವುಚಿಕೊಂಡ. ಅಧ್ಯಕ್ಷರ ಕಿವಿಯ ಬಳಿ ಬಗ್ಗಿ, ಅವರಿಗೂ ನನಗೂ ಮಾತ್ರ ಕೇಳುವಂತೆ ಹೇಳಿದ: “ನಮ್ಮತ್ತೇದು. ಸೊಪ್ಪು ಇವಳಿಗೇ. ಡಾಕ್ಟರ್ ಕೂನ್ಸೆ ದನದ ಡಾಕ್ಟರು ಅಧ್ಯಕ್ಷರೇ. ಅಂದ್ರೆ ಎಲ್ಲಾ ಪ್ರಾಣಿಗಳಿಗೂ.”

ಝೀಗ್ಲರ್ ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಎದುರಿಗೆ ನೂರು ಜನ ಆಮೆಯ ಮೇವನ್ನು ಅಗಿಯುತ್ತಿದ್ದರು. ಫ್ರೌ ಹೆನ್ನಿಗ್ ಕೂಡ ಫೋರ್ಕಿನಲ್ಲಿ ಒಂದೆಲೆ ಎತ್ತಿಕೊಂಡಿದ್ದರು. ಅದನ್ನು ಕೆಳಗಿಟ್ಟು, “ಝೀಗ್ಲರ್ ಅವರೇ, ಇದು ಸಾಕುಪ್ರಾಣಿನಾ? ಹಾಗಿದ್ರೆ ಇವರ ತೋಟ ಇವತ್ತೇ ವಾಪಸ್ ತಗೋಬೇಕಾಗುತ್ತೆ” ಎಂದರು.

ರೋಸ್ವಿಟಾ ಬಂದು ಗಂಡನ ಪಕ್ಕ ನಿಂತಳು. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿದರು.

ನಮ್ಮ ಅಧ್ಯಕ್ಷರು ಹುಟ್ಟಿದಾಗಿನಿಂದ ಬೇಲಿಯ ಅಳತೆಯಲ್ಲಿ ಒಂದು ಸೆಂಟಿಮೀಟರು ಸುಳ್ಳು ಹೇಳಿದವರಲ್ಲ. ಆಮೆಯನ್ನು ನೋಡಿದರು. ಕೋಲಿಲ್ಲದೆ ನಿಂತ ತಮ್ಮ ಕಾಲನ್ನು ನೋಡಿದರು.

“ಅಲ್ಲ,” ಎಂದರು. “ಇವರು ಸಂಘದ ಅಧಿಕಾರಿ.”

“ಅಧಿಕಾರಿ?”

“ಬೆಳೆ ಪರೀಕ್ಷಕಿ. ತೋಟದಲ್ಲಿ ಇವರು ತಿಂದಿದ್ದು ಬೆಳೆ, ಬಿಟ್ಟಿದ್ದು ಕಳೆ. ಸಿಂಹದಹಲ್ಲನ್ನ ಪಟ್ಟಿಗೆ ಸೇರಿಸಿದ್ದು ಇವರ ಅಭಿಪ್ರಾಯದ ಮೇಲೇನೇ. ಕಾರ್ಯದರ್ಶಿಗಳ ಹತ್ರ ದಾಖಲೆ ಇದೆ.”

ಎಲ್ಲರೂ ನನ್ನ ಕಡೆ ತಿರುಗಿದರು. “ಇದೆ,” ಎಂದು ಹೇಳಿ, ಪುಸ್ತಕ ತೆರೆದು, ಅಲ್ಲೇ ನಿಂತು ಬರೆದೆ.

ಫ್ರೌ ಹೆನ್ನಿಗ್ ಅಷ್ಟು ಸುಲಭಕ್ಕೆ ಬಿಡುವ ಹೆಂಗಸಲ್ಲ. “ಒಳ್ಳೇ ಪದ್ಧತಿ. ಒಂದು ತೋಟ ಪರೀಕ್ಷೆ ಮಾಡ್ಸಿ ನೋಡೋಣ. ನಿಮ್ಮಲ್ಲಿ ಮಾದರಿ ತೋಟ ಯಾವ್ದು?”

 ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

ಒಟ್ಟೀಲಿಯೆಯನ್ನು ಒಂದನೇ ನಂಬರಿನ ಗೇಟಿನಲ್ಲಿ ಇಳಿಸಿದರು. ಅವಳು ಮುಂದೆ, ಅವಳ ಹಿಂದೆ ಮೇಲ್ವಿಚಾರಕಿ, ಅಧ್ಯಕ್ಷರು, ನಾನು, ನೂರು ಜನ. ಬ್ಯಾಂಡಿನವರು ಮೆರವಣಿಗೆಯ ನಡೆ ಬಾರಿಸಲು ಹೋಗಿ, ಹೆಜ್ಜೆ ಹೆಜ್ಜೆಗೂ ಕಾಯಬೇಕಾಗಿ ಬಂದು ಉಸಿರುಕಟ್ಟಿ ಕೂತರು. ಅವಳು ಈರುಳ್ಳಿಯ ಸಾಲನ್ನು ಮೂಸಿ ಮುಂದೆ ಹೋದಳು. ಆಲೂಗಡ್ಡೆ ಗಿಡಕ್ಕೆ ಬೆನ್ನು ತಿರುಗಿಸಿದಳು. ಬೆಳ್ಳುಳ್ಳಿಯ ಬಳಿ ನಿಲ್ಲಲೂ ಇಲ್ಲ. ಕೊನೆಗೆ ಮೂಲೆಯಲ್ಲಿ, ಮೂವತ್ತೆಂಟರಿಂದ ಅಗೆದು ತಂದ ಸಿಂಹದಹಲ್ಲಿನ ಸಾಲಿಗೆ ಬಂದಳು.  ಸಾಲಿನಲ್ಲಿ ಮೊಂಡು ಬುಡ ಬಿಟ್ಟರೆ ಏನೂ ಇರಲಿಲ್ಲ. ಅಷ್ಟನ್ನೂ ಅಧ್ಯಕ್ಷರು ಬೆಳಗ್ಗೆಯೇ ತಿಂದಿದ್ದರು. ಒಟ್ಟೀಲಿಯೆ ಒಂದು ಕ್ಷಣ ನಿಂತು, ಕತ್ತೆತ್ತಿ ಅವರನ್ನು ನೋಡಿ, ಬಂದ ದಾರಿಯಲ್ಲೇ ಹೊರಗೆ ಹೊರಟಳು. ಈ ತಪಾಸಣೆಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

“ಏನೂ ತಿನ್ಲಿಲ್ಲ,” ಎಂದರು ಫ್ರೌ ಹೆನ್ನಿಗ್.

“ಇಲ್ಲ,” ಎಂದರು ಅಧ್ಯಕ್ಷರು.

“ಅಂದ್ರೆ ನಿಮ್ಮದೇ ನಿಯಮದ ಪ್ರಕಾರ ಇಲ್ಲಿರೋದೆಲ್ಲ ಕಳೆ.”

ಝೀಗ್ಲರ್ ಅವರು ಬೆನ್ನು ನೆಟ್ಟಗೆ ಮಾಡಿ ನಿಂತರು. “ಕಾರ್ಯದರ್ಶಿಗಳೇ, ಬರ್ಕೊಳ್ಳಿ. ತೋಟ ಒಂದು. ತಿನ್ನುವ ಬೆಳೆ ಇಲ್ಲ. ಮೊದಲ ನೋಟಿಸು. ಹದಿನಾಲ್ಕು ದಿನ.” ಅಧ್ಯಕ್ಷರ ಸಹಿಯ ಜಾಗದಲ್ಲಿ ಒಂದು ಸಹಿ, ತಪ್ಪಿತಸ್ಥರ ಸಹಿಯ ಜಾಗದಲ್ಲಿ ಇನ್ನೊಂದು, ಎರಡನ್ನೂ ಅವರೇ ಹಾಕಿದರು. ಫ್ರೌ ಹೆನ್ನಿಗ್ ಎರಡನ್ನೂ ನೋಡಿ, ಮೂವತ್ತೆಂಟರ ಮಾತೆತ್ತದೆ ಹೊರಟರು.

ಮರುದಿನದಿಂದ ರೋಸ್ವಿಟಾ ಮೂವತ್ತೆಂಟರ ಗೇಟಿಗೆ ಬೀಗ ಜಡಿದಳು. ಸಿಂಹದಹಲ್ಲಿನ ಬೇರು ಅಷ್ಟು ಸುಲಭಕ್ಕೆ ಸಾಯುವುದಲ್ಲ. ಎರಡು ವಾರ ಯಾರೂ ಮುಟ್ಟದೆ ಬಿಟ್ಟರೆ ಮತ್ತೆ ಹಸಿರು. ಅಲ್ಲಿಯವರೆಗೆ ಒಟ್ಟೀಲಿಯೆಗೆ ಉಪವಾಸವೇನೂ ಬೀಳಲಿಲ್ಲ. ಎಲ್ಲರ ತೋಟಕ್ಕೂ ಅವಳ ತಪಾಸಣೆ ಬರುವುದಿತ್ತಲ್ಲ, ದಿನ ಬೆಳಗಾದರೆ ಗೇಟಿನ ಮುಂದೆ ಕ್ಲೋವರ್ ಸೊಪ್ಪಿನ ಕಟ್ಟುಗಳು ಸಾಲಾಗಿ ಕೂತಿರುತ್ತಿದ್ದವು. ಲಂಚ ಎಂದು ನಾನು ಬರೆಯಲಿಲ್ಲ. ‘ಅಭಿಮಾನಿಗಳ ಕಾಣಿಕೆ’ ಎಂದು ಬರೆದೆ. ಹಾಂಪೆಲ್ ಎರಡು ತಿಂಗಳಲ್ಲಿ ಮೊದಲ ಸಲ ಲಿಪೋಲ್ಡಮ್ಮನ ಸೂಪು ತಾನೇ ಕುಡಿದ, ನನಗೆ ಒಂದು ಸಾಸೇಜನ್ನೂ ಬಿಡಲಿಲ್ಲ.

ಹದಿನೈದನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಬೀಗ ತೆಗೆದಾಗ, ಗೇಟಿನ ಹೊರಗೆ ಬಟ್ಟಲು ಹಿಡಿದುಕೊಂಡು ಅಧ್ಯಕ್ಷರು ನಿಂತಿದ್ದರು.

“ಇಷ್ಟೆಲ್ಲ ಗೊತ್ತಾದ ಮೇಲೂನಾ ಅಧ್ಯಕ್ಷರೇ?” ಎಂದೆ ನಾನು.

“ಡಾಕ್ಟರ್ ಯಾರಿಗೆ ಬರ್ಕೊಟ್ರೆ ಏನ್ರೀ, ಮೊಣಕಾಲು ಮೊಣಕಾಲೇ,” ಎಂದರು.

ರೋಸ್ವಿಟಾ ಒಟ್ಟೀಲಿಯೆಯನ್ನು ಮಡಿಯ ಅಂಚಿನಲ್ಲಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. “ಸ್ವಲ್ಪ ಅಲ್ಲೇ ನಿಂತಿರಿ. ಮೊದಲು ಅಧಿಕಾರಿಗಳ ಊಟ ಆಗ್ಲಿ. ಮಿಕ್ಕಿದ್ರೆ ನಿಮಗೆ.”

ಝೀಗ್ಲರ್ ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಾದರು. ಒಟ್ಟೀಲಿಯೆ ಅರ್ಧ ಗಂಟೆ ಮೈ ಕಾಯಿಸಿಕೊಂಡಳು. ಆಮೇಲೆ ಮೊದಲ ಹೂವಿನಿಂದ ಶುರುಮಾಡಿದಳು.

ಅವತ್ತು ಏನೂ ಮಿಕ್ಕಲಿಲ್ಲ.